ಗ್ಯಾಲರಿಯ ಗರಗಸ

೬ ಜುಲೈ ೨೦೦೩, ರವಿವಾರ

ಇವತ್ತು ಮನೆಯಲ್ಲಿ ಪಂಚಾಯ್ತಿ ನಡೆಯಿತು. ಪಂಚರು ಇಬ್ಬರೇ, ನನ್ನ ಮಗ ಮಾಂತು ಮತ್ತು ಅವನ ಹೆಂಡತಿ. ಆರೋಪಿ ನಾನಲ್ಲ, ಗ್ಯಾಲರಿ ಎನ್ನುವ ನಮ್ಮ ಬಾಲ್ಕನಿಯಲ್ಲಿ ಗೋಣಿಚೀಲ ಹೊದ್ದು ಕೂತಿರುವ ನನ್ನ ಚೈನ್ ಗರಗಸ.

ಸೊಸೆಗೆ ಈಗ ಎರಡು ತಿಂಗಳು ತುಂಬಿ ಮೂರು. ಒಗ್ಗರಣೆ ಹಾಕಿದರೆ ವಾಂತಿ, ಅಗರಬತ್ತಿ ಹಚ್ಚಿದರೆ ವಾಂತಿ. ಈಗ ಮಶೀನಿನಿಂದ ಪೆಟ್ರೋಲ್ ಸೋರುತ್ತದಂತೆ, ಅದರ ವಾಸನೆಗೆ ಅವಳಿಗೆ ತುತ್ತು ಇಳಿಯುವುದಿಲ್ಲವಂತೆ. ‘ಅಂತೆ’ ಎಂದೇ ಬರೆಯಬೇಕು, ಯಾಕೆಂದರೆ ನನಗೆ ಯಾವ ವಾಸನೆಯೂ ಬರುವುದಿಲ್ಲ. ಇಪ್ಪತ್ತು ವರ್ಷ ಪೆಟ್ರೋಲನ್ನೂ ಕಟ್ಟಿಗೆಪುಡಿಯನ್ನೂ ಕುಡಿದ ಮೂಗು ಇದು. ಯಾವಾಗ ಸತ್ತಿತೋ ನನಗೇ ತಿಳಿಯಲಿಲ್ಲ.

“ಅಪ್ಪಾ, ವಖಾರ ಮುಚ್ಚಿ ಎಷ್ಟ ವರ್ಷಾತು. ಈಗ ಯಾವ ಮರಾ ಕೊಯ್ಯೂದದ? ಮೋಡಕಾದಾಂವಗ ಕೊಟ್ಟಬಿಡೂಣು,” ಎಂದ ಮಾಂತು.

ಗುಜರಿಯವನಿಗೆ! ಪುಣೆಯ ಯೆರವಡಾದಲ್ಲಿದ್ದ ನಮ್ಮ ಕಟ್ಟಿಗೆ ವಖಾರವನ್ನು ಕಟ್ಟಿ ನಿಲ್ಲಿಸಿದ ಮಶೀನು ಅದು. ಅದು ದುಡಿದದ್ದರಲ್ಲೇ ಈ ಚಿಂಚವಾಡದ ಮನೆ ಎದ್ದದ್ದು, ಇವನ ಡಿಪ್ಲೊಮಾ ಆದದ್ದು. ಪೆಟ್ರೋಲಿನ ಟಾಕಿ ಖಾಲಿ ಮಾಡಿಯಾದರೂ ಇಡು ಎಂದ. ಖಾಲಿ ಇಟ್ಟರೆ ಒಳಗಿನ ರಬ್ಬರೆಲ್ಲ ಒಣಗಿ ಸೀಳುತ್ತದೆ. ಅಲ್ಲದೆ ಪ್ರತಿ ಅಮಾವಾಸ್ಯೆಗೆ ಮಶೀನಿಗೆ ಪೂಜೆ ಮಾಡಿ ಚಾಲೂ ಮಾಡಬೇಕು. ಅದು ನನ್ನ ಹೆಂಡತಿ ಕಾಶವ್ವ ಹಾಕಿಕೊಟ್ಟ ಪದ್ಧತಿ. ಅವಳು ಹೋಗಿ ಎರಡು ವರ್ಷವಾಯಿತು, ಪದ್ಧತಿ ತಪ್ಪಿಸಿಲ್ಲ.

ಕೊನೆಗೆ ತೀರ್ಪು ಹೀಗಾಯಿತು. ದಸರೆಯೊಳಗೆ ಸೋರುವುದು ನಿಂತರೆ ಮಶೀನು ಇರುತ್ತದೆ, ನಿಲ್ಲದಿದ್ದರೆ ಗುಜರಿಗೆ. ಸೊಸೆ ಮೂಗಿಗೆ ಓಢಣಿ ಹಿಡಿದು ಕೂತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮಾವನಿಗೆ ಯಾವ ಕಾಲವೋ ಗಾದೆ ಮಾಡಿದವರು ಹೇಳಿಲ್ಲ.

೧೦ ಜುಲೈ, ಗುರುವಾರ

ಗೋಣಿಚೀಲ ತೆಗೆದು ಮಶೀನನ್ನು ಹಳೆ ಪೇಪರಿನ ಮೇಲೆ ಇಟ್ಟೆ. ಒರೆಸಿದೆ. ಜರ್ಮನಿಯ ಮಾಲು. ಅರಣ್ಯದ ಗುತ್ತಿಗೆದಾರನೊಬ್ಬನಿಂದ ಎಂಬತ್ಮೂರರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ತಂದ ದಿನ ಕಾಶವ್ವ ಅದನ್ನು ಬಾಗಿಲಲ್ಲಿ ನಿಲ್ಲಿಸಿ ಆರತಿ ಎತ್ತಿದ್ದಳು. ಅಕ್ಕಪಕ್ಕದ ಮರಾಠಿ ಹೆಂಗಸರು ಸೊಸೆ ಬಂದಳೇನೋ ಎಂದು ನೋಡಲು ಬಂದು, ಗರಗಸ ನೋಡಿ ನಕ್ಕು ಹೋದರು.

ಆಗ ಇಂದಾಪುರದ ಕಡೆಯಿಂದ ಲಾರಿಗಟ್ಟಲೆ ಜಾಲಿ ಕಟ್ಟಿಗೆ ಬರುತ್ತಿತ್ತು. ಪುಣೆಯೊಳಗೆ ಬಿದ್ದ ಮರಗಳೂ ನಮ್ಮವೇ. ಸಂಜೆ ಮನೆಗೆ ಬಂದರೆ ಕಾಶವ್ವ ನೀರು ಕೊಡುವ ಮೊದಲು ನನ್ನ ಅಂಗಿ ಮೂಸುತ್ತಿದ್ದಳು. “ಇವತ್ತ ಬೇವು.” “ಇವತ್ತ ಹುಣಸಿ, ನಡುವ ಎಲ್ಲೋ ಚಾದಂಗಡ್ಯಾಗ ಭಜಿ ತಿಂದೀರಿ.” ಒಂದು ದಿನವೂ ತಪ್ಪಲಿಲ್ಲ. ಅವಳ ಮೂಗಿಗೆ ಹೆದರಿಯೇ ನಾನು ಬೀಡಿ ಬಿಟ್ಟದ್ದು.

ಟಾಕಿಯಿಂದ ಹೊರಡುವ ರಬ್ಬರ್ ಪೈಪು ಬಿರುಕು ಬಿಟ್ಟಿದೆ. ಕಳ್ಳ ಸಿಕ್ಕ. ಇಷ್ಟಕ್ಕೆ ಪಂಚಾಯ್ತಿ ಬೇಕಿತ್ತೆ?

೧೩ ಜುಲೈ, ರವಿವಾರ

ಪಂಢರಿನಾಥ ಬಂದಿದ್ದ. ವಖಾರದಲ್ಲಿ ಹದಿನೈದು ವರ್ಷ ಮಶೀನಿನ ಇನ್ನೊಂದು ತುದಿಗೆ ನಿಂತವನು. ಸೊಲ್ಲಾಪುರದವನಾದ್ದರಿಂದ ಕನ್ನಡ ಮರಾಠಿ ಎರಡನ್ನೂ ಕಲಸಿ ಉಣ್ಣುತ್ತಾನೆ. ಭವಾನಿ ಪೇಠದಿಂದ ಪೈಪು ತಂದು ಹಾಕಿದ. ಮೇಲಿಂದ, ಲಾರಿ ಡ್ರೈವರುಗಳು ಸೋರುವ ಟಾಕಿಗೆ ಮಾಡುವಂತೆ, ಬಟ್ಟೆ ಸಾಬೂನನ್ನು ನೆನೆಸಿ ಜೋಡಣೆಯ ಸುತ್ತ ಮೆತ್ತಿದ.

“ಸಿದ್ದಲಿಂಗಣ್ಣಾ, ಇನ್ನ ಇದು ಸೋರಿದ್ರ ನನ್ನ ಮೀಸಿ ತಗಸ್ತೀನಿ.”

ಸೊಸೆ ಮರಾಠಿ ಮನೆತನದವಳು, ಅಡುಗೆಮನೆಯಿಂದ ಇಣುಕಿ ತನ್ನ ಒಡಕು ಕನ್ನಡದಲ್ಲಿ ಕೇಳಿದಳು. “ಬಾಬಾ, ಮಶೀನಿಗೆ ಸ್ನಾನ ಏನ್ರಿ?”

ಪಂಢರಿನಾಥ ಹೊಟ್ಟೆ ಹಿಡಿದು ನಕ್ಕ. ನಾನು ನಗಲಿಲ್ಲ.

೧೬ ಜುಲೈ, ಬುಧವಾರ

ಎರಡು ದಿನ ಮಳೆ. ವಾಸನೆಯ ದೂರಿಲ್ಲ. ಇವತ್ತು ಬಿಸಿಲು ಬಿತ್ತು, ಸೊಸೆ ಮಧ್ಯಾಹ್ನ ಊಟ ಬಿಟ್ಟು ಎದ್ದಳು. ಸಾಬೂನು ಒದ್ದೆಯಾಗಿದೆ. ಪಂಢರಿನಾಥನ ಮೀಸೆ ಹೋಯಿತು.

೨೯ ಜುಲೈ, ಮಂಗಳವಾರ, ನಾಗರ ಅಮಾವಾಸ್ಯೆ

ಪೂಜೆ ಮಾಡಿದೆ. ನಿಂಬೆಹಣ್ಣು, ಕಾಯಿ, ವಿಭೂತಿ, ಕುಂಕುಮ. ಕೆಳಗೆ ಅಂಗಳಕ್ಕೆ ಒಯ್ದು ಚಾಲೂ ಮಾಡಿದೆ. ಮೊದಲು ಚೆನ್ನಾಗಿ ಓಡಿ, ಆಮೇಲೆ ಕೆಮ್ಮಿ ನಿಂತಿತು.

ಮೊದಲ ಅಮಾವಾಸ್ಯೆಯ ದಿನ ಕಾಶವ್ವ ಕುಂಕುಮ ಹಿಡಿದುಕೊಂಡು, ಇದಕ್ಕೆ ಹಣೆ ಯಾವುದು ಎಂದು ಕೇಳಿದ್ದಳು. ಮಶೀನಿಗೆ ಎಲ್ಲಿಯ ಹಣೆ ಎಂದೆ. ಅವಳು ಸುತ್ತ ತಿರುಗಿ ನೋಡಿ ಟಾಕಿಯ ದುಂಡು ಮುಚ್ಚಳ ಮುಟ್ಟಿ, “ಇದ ಹಣಿ,” ಎಂದು ಅಲ್ಲೇ ಇಟ್ಟಳು. ಸಣ್ಣ ಬೊಟ್ಟು, ಸವದತ್ತಿಯ ಕುಂಕುಮ. ಮರುದಿನ ಕೆಲಸಕ್ಕೆ ಹೊರಡುವಾಗ ಸೆರಗಿನಿಂದ ಒರೆಸಿಬಿಡುತ್ತಿದ್ದಳು. ದುಡಿಯಲು ಹೋಗುವವರು ಮುಖ ತೊಳೆದೇ ಹೋಗಬೇಕು ಎನ್ನುತ್ತಿದ್ದಳು.

ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆಯೇ ಅವಳನ್ನು ಆಸ್ಪತ್ರೆಗೆ ಒಯ್ದೆವು. ಆ ಸಲ ಒರೆಸಲಿಲ್ಲ. ಆಮೇಲೆ ಒರೆಸುವವರೂ ಇರಲಿಲ್ಲ. ಪ್ರತಿ ತಿಂಗಳೂ ನಾನು ಅದರ ಮೇಲೆಯೇ ಇಡುತ್ತ ಬಂದಿದ್ದೇನೆ. ನನ್ನ ಬೆರಳು ದಪ್ಪ, ಬೊಟ್ಟೂ ದಪ್ಪ.

ಸೋರುವುದು ನಿಂತಿಲ್ಲ.

೧೦ ಆಗಸ್ಟ್, ರವಿವಾರ

ಹೊಸ ಪೈಪಿನ ಕಡೆ ಒಣಗಿದೆ, ಆದರೂ ವಾಸನೆಯಂತೆ. ಎಲ್ಲಿಂದ ಎಂದು ನಾನು ಹೇಗೆ ಹುಡುಕಲಿ? ಪೆಟ್ರೋಲು ಗಾಳಿಗೆ ಆರಿಹೋಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಮೂಗಂತೂ ಇಲ್ಲವೇ ಇಲ್ಲ. ಕೂತು ಬೈಯುತ್ತಿದ್ದೆ. ಬಾಗಿಲಲ್ಲಿ ಸೊಸೆ ನಿಂತಿದ್ದಳು.

“ಬಾಬಾ, ಅಲ್ಲೆ ಅಲ್ಲ. ವಾಸ ಎಡಕ್ಕ ಅದ.”

“ನೀ ಒಳಗ ಹೋಗವಾ. ಮತ್ತ ವಾಂತಿ ಆದೀತು.”

“ವಾಂತಿ ಹೆಂಗೂ ಆಗೂದ. ನೀವು ನೋಡ್ರಿ. ಇನ್ನೂ ಎಡಕ್ಕ. ಮ್ಯಾಲ.”

ಅವಳು ಹೇಳಿದ ಕಡೆ ಬೆರಳು ಸರಿಸುತ್ತ ಹೋದೆ. ಕಾರ್ಬೋರೇಟರಿನ ಬುಡದಲ್ಲಿ ಬೆರಳಿಗೆ ತಣ್ಣಗೆ ತಾಗಿತು. ಅಲ್ಲಿ ಹನಿ ಹಿಡಿದಿತ್ತು. ಹತ್ತು ಹೆಜ್ಜೆ ದೂರದಿಂದ ಹೇಳಿದಳಲ್ಲ, ಎಂಥ ಮೂಗು ಇದು. ಆಮೇಲೆ ಓಡಿಹೋಗಿ ಮೋರಿಯಲ್ಲಿ ವಾಂತಿ ಮಾಡಿಕೊಂಡಳು ಎನ್ನುವುದು ಬೇರೆ ಮಾತು. ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟೆ. ಸಕ್ಕರೆ ಜಾಸ್ತಿ ಆಯಿತಂತೆ.

ಕಾರ್ಬೋರೇಟರಿನ ಬುಡಕ್ಕೆ ಹಾಕುವ ರಬ್ಬರಿನ ಉಂಗುರ, ವಾಯ್ಸರ್, ತರಬೇಕು.

೧೭ ಆಗಸ್ಟ್, ರವಿವಾರ

ವಾಯ್ಸರ್ ಹಾಕಿದೆ. ಅಲ್ಲಿ ನಿಂತಿತು. ಈಗ ಟಾಕಿಯ ಮುಚ್ಚಳ ತಿರುಗಿಸುವ ಚೂಡಿಯಲ್ಲಿ ಒಸರುತ್ತಿದೆ. ಒಂದು ಬಾಯಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ, ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗಿನ ಹಾಗೆ.

ಸೊಸೆ ನೀರಜಾ ಒಂದು ಉಪಾಯ ಮಾಡಿದ್ದಾಳೆ. ಸೀರೆಯ ಡಬ್ಬಿಯ ಬಿಳಿ ರಟ್ಟನ್ನು ಕತ್ತರಿಸಿ ಮಶೀನಿನ ಕೆಳಗೆ ಇಟ್ಟಳು. ಪೆಟ್ರೋಲಿನಲ್ಲಿ ಎಣ್ಣೆ ಕೂಡಿಸಿರುತ್ತೇವಲ್ಲ, ಪೆಟ್ರೋಲು ಆರಿದರೂ ಎಣ್ಣೆಯ ಕಲೆ ರಟ್ಟಿನ ಮೇಲೆ ಉಳಿಯುತ್ತದೆ. “ಬಾಬಾ, ನಿಮಗ ವಾಸ ಬರೂದಿಲ್ಲ, ಖರೆ. ಕಣ್ಣಿಗೆ ಕಾಣ್ತದ ಹೌದಲ್ಲ?” ಎಂದಳು.

ಇವಳ ಅಪ್ಪ ಇಂದಾಪುರದಲ್ಲಿ ಎಸ್‌ಟಿ ಬಸ್ಸಿನ ಕಂಡಕ್ಟರ್. ಡಿಪೋದಲ್ಲಿ ಬಸ್ಸಿನ ಕೆಳಗೆ ಹೀಗೆಯೇ ಕಾಗದ ಹಾಸಿಡುತ್ತಿದ್ದರಂತೆ. ನಮ್ಮ ಜಾಲಿ ಕಟ್ಟಿಗೆಯ ಲಾರಿಗಳು ಅವಳ ಶಾಲೆಯ ಮುಂದಿನಿಂದಲೇ ಹಾದುಬರುತ್ತಿದ್ದವು. ಲಾರಿಯ ಹಿಂದಿನಿಂದ ಬೀಳುವ ಚಕ್ಕೆ ಆರಿಸಿಕೊಂಡು ಒಲೆಗೆ ಒಯ್ಯುತ್ತಿದ್ದರಂತೆ ಮಕ್ಕಳೆಲ್ಲ. ಒಂದೂವರೆ ವರ್ಷವಾಯಿತು ಮನೆಗೆ ಬಂದು, ಇದನ್ನೆಲ್ಲ ಇವತ್ತು ಹೇಳಿದಳು. ಕೇಳಿದವರಾದರೂ ಯಾರು.

೨೪ ಆಗಸ್ಟ್, ರವಿವಾರ

ರಟ್ಟಿನ ಲೆಕ್ಕ ವಿಚಿತ್ರವಾಗಿದೆ. ಮಳೆಯ ದಿನ ಒಣ, ಬಿಸಿಲಿನ ದಿನ ಕಲೆ. ಬೆಳಿಗ್ಗೆ ಒಣ, ಗ್ಯಾಲರಿಗೆ ಪಶ್ಚಿಮದ ಬಿಸಿಲು ಬಂದ ಮೇಲೆ ಕಲೆ. ಪೈಪು ಹೊಸದು, ವಾಯ್ಸರ್ ಹೊಸದು. ಪಂಢರಿನಾಥ ಫೋನಿನಲ್ಲಿ, ಟಾಕಿಯೇ ಕೆಟ್ಟಿದೆ, ಇಷ್ಟು ಹಳೆ ಮಾಡೆಲ್ಲಿನ ಟಾಕಿ ಎಲ್ಲೂ ಸಿಗುವುದಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆದರೂ ಹೆದರಿಕೆ ಆಗಿದೆ. ಅಕ್ಟೋಬರಿನ ಬಿಸಿಲು ಬಂದರೆ ಇದು ಹನಿಹನಿಯಾಗಿ ಅಲ್ಲ, ಧಾರೆಯಾಗಿ ಸೋರೀತು. ದಸರೆ ದೂರವಿಲ್ಲ. ಮಾಂತು ಏನೂ ಕೇಳುವುದಿಲ್ಲ. ಡ್ಯೂಟಿಯಿಂದ ಬಂದವನೇ ಗ್ಯಾಲರಿಯ ಬಾಗಿಲು ಹಾಕಿಬಿಡುತ್ತಾನೆ. ಅದಕ್ಕಿಂತ ಕೇಳಿದ್ದರೆ ಚೆನ್ನಾಗಿತ್ತು.

೪ ಸೆಪ್ಟೆಂಬರ್, ಗುರುವಾರ

ಗಣಪತಿ ಕೂತಿದ್ದಾನೆ. ಕೆಳಗಿನ ಮಂಡಳದ ಲೌಡ್ ಸ್ಪೀಕರಿಗೆ ಕಿವಿ ಕೆಟ್ಟಿವೆ. ನೀರಜಾಳ ಗೌರಿ ಊಟ ಇವತ್ತು. ಅವಳ ಕಡೆಯ ಪದ್ಧತಿ, ಹದಿನಾರು ಥರದ ಪಲ್ಯ ಆಗಬೇಕು. ನಾನು ಕೂತು ಅವರೆಕಾಯಿ ಬಿಡಿಸಿಕೊಟ್ಟೆ.

ಕುಕ್ಕರಿನ ಸೀಟಿ ಆಗಲಿಲ್ಲ. ಬದಲಿಗೆ ಅಂಚಿನ ರಬ್ಬರಿನಿಂದ ಸುತ್ತಲೂ ಬೇಳೆಯ ನೀರು ಉಕ್ಕತೊಡಗಿತು. “ರಬ್ಬರ ಹೋಗ್ಯದ, ಹೊಸಾದು ತರ್ತೀನಿ ತಡಿ,” ಎಂದು ನಾನು ಚಪ್ಪಲಿ ಹಾಕಿದೆ.

“ರಬ್ಬರ ಛಲೋ ಅದ ಬಾಬಾ. ಸೀಟಿ ತೂತು ಬಂದ್ ಆಗ್ಯದ,” ಎಂದು ಉರಿ ಆರಿಸಿ, ತಣ್ಣಗಾದ ಮೇಲೆ ಮುಚ್ಚಳ ತೆಗೆದು ಬೆಳಕಿಗೆ ಹಿಡಿದಳು. ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ತೂತಿಗೆ ಚುಚ್ಚಿದಳು. ಬೇಳೆಯ ಸಿಪ್ಪೆ ಹೊರಬಂತು. “ಉಗಿಗೆ ಹಾದಿ ಇಲ್ಲಂದ್ರ ಎಲ್ಲೆ ಬೇಕಲ್ಲೆ ಬರ್ತದ. ರಬ್ಬರಂದ ಏನ ತಪ್ಪು?”

ನಾನು ಚಪ್ಪಲಿ ಹಾಕಿಕೊಂಡೇ ನಿಂತಿದ್ದೆ. ಟಾಕಿಯ ಮುಚ್ಚಳಕ್ಕೂ ತೂತು ಇರುತ್ತದೆ. ಸೂಜಿಯಷ್ಟು ಸಣ್ಣದು, ನಡುಮಧ್ಯದಲ್ಲಿ. ಟಾಕಿ ಅದರಿಂದಲೇ ಉಸಿರಾಡುವುದು. ಅದು ಮುಚ್ಚಿದರೆ ಬಿಸಿಲಿಗೆ ಪೆಟ್ರೋಲು ಒಳಗೇ ಉಬ್ಬಿ, ಎಲ್ಲಿ ಮೆತ್ತಗಿದೆಯೋ ಅಲ್ಲಿ ನುಗ್ಗುತ್ತದೆ. ಓಡುವಾಗ ಕೆಮ್ಮಿ ನಿಂತದ್ದೂ ಅದಕ್ಕೇ. ಇಪ್ಪತ್ತು ವರ್ಷ ಈ ಮಶೀನಿನ ಜೊತೆ ಬಾಳಿದ್ದೇನೆ, ನನಗೆ ಇದು ಗೊತ್ತಿತ್ತು.

ನಡುಮಧ್ಯದಲ್ಲಿ. ಹಣೆಯಲ್ಲಿ.

೫ ಸೆಪ್ಟೆಂಬರ್

ಮುಚ್ಚಳ ನೋಡಿದೆ. ಇವತ್ತು ಬೇಡ.

೧೪ ಸೆಪ್ಟೆಂಬರ್, ರವಿವಾರ

ಏನಾತು ಬಾಬಾ ಎಂದು ನೀರಜಾ ಕೇಳಿದಳು. ಕಾರ್ಬೋರೇಟರಿನ ಇನ್ನೊಂದು ಭಾಗ ಬರಬೇಕು, ಆರ್ಡರ್ ಕೊಟ್ಟಿದ್ದೇನೆ ಎಂದೆ. ಸುಳ್ಳು. ಅವಳು ಮುಚ್ಚಳದ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಒಳಗೆ ಹೋದಳು.

ಮುಚ್ಚಳದ ಮೇಲೆ ಈಗ ರೂಪಾಯಿಯಷ್ಟು ದಪ್ಪ ಹೆಪ್ಪುಗಟ್ಟಿದೆ. ಕುಂಕುಮ, ವಿಭೂತಿ, ಎಣ್ಣೆ. ಮೇಲಿನದೆಲ್ಲ ನನ್ನದು, ಅದು ಹೋದರೆ ಹೋಗಲಿ. ಎಲ್ಲಕ್ಕಿಂತ ಕೆಳಗೆ, ತೂತಿಗೆ ಅಂಟಿ ಕೂತಿರುವುದು ಅವಳ ಕೊನೆಯ ಬೊಟ್ಟು. ಅವಳ ಸೀರೆಗಳನ್ನು ತಂಗಿಯರು ಒಯ್ದರು. ಬಳೆ ಮುರಿಸಿ ಮಾಂತುವಿನ ಮದುವೆಗೆ ತಾಳಿ ಮಾಡಿಸಿದೆವು. ಅವಳ ಬೆರಳು ಕಡೆಗೆ ಮುಟ್ಟಿದ್ದು ಎಂದು ನನ್ನ ಬಳಿ ಇರುವುದು ಇದೊಂದೇ. ಇದನ್ನು ಕೆರೆದರೆ ಮಶೀನು ಉಳಿಯುತ್ತದೆ. ಕೆರೆಯದಿದ್ದರೆ ಬೊಟ್ಟಿನ ಸಮೇತ ಗುಜರಿಗೆ ಹೋಗುತ್ತದೆ. ಒಳ್ಳೆಯ ಪೇಚು.

ಕಾಶವ್ವ ಇದ್ದಿದ್ದರೆ ಏನೆನ್ನುತ್ತಿದ್ದಳೆಂದು ಗೊತ್ತು. ಗೊತ್ತಿದ್ದರೇನು, ಕೈ ಬರಬೇಕಲ್ಲ.

೨೬ ಸೆಪ್ಟೆಂಬರ್, ಶುಕ್ರವಾರ, ಮಹಾನವಮಿ ಅಮಾವಾಸ್ಯೆ

ಹಿರಿಯರ ದಿನ. ಕಾಶವ್ವನ ಫೋಟೋಕ್ಕೆ ಎಡೆ ತೋರಿಸಿದೆವು. ಆಮೇಲೆ ಗ್ಯಾಲರಿಯಲ್ಲಿ ಮಶೀನಿನ ಪೂಜೆಗೆ ಕೂತೆ. ಬೆರಳಿಗೆ ಕುಂಕುಮ ತೆಗೆದುಕೊಂಡು ಮುಚ್ಚಳದ ತನಕ ಒಯ್ದೆ. ಬೆರಳು ಅಲ್ಲೇ ನಿಂತಿತು. ಇನ್ನೊಂದು ಪದರ ಹಾಕಲೂ ಮನಸ್ಸಾಗಲಿಲ್ಲ, ತೆಗೆಯಲೂ ಆಗಲಿಲ್ಲ.

ನೀರಜಾ ಬಂದು ಪಕ್ಕದಲ್ಲಿ ಕೂತಳು. ಈಗ ಹೊಟ್ಟೆ ಕಾಣುತ್ತದೆ, ಕೂರುವುದು ಏಳುವುದು ಕಷ್ಟ. ವಾಂತಿ ನಿಂತಿದೆ, ಮೂಗು ಮಾತ್ರ ಹಾಗೇ ಇದೆ. ಕೈಯಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿ ಇತ್ತು, ಖಾಲಿ, ತೊಳೆದು ಒರೆಸಿದ್ದು. ಬಳೆಯಿಂದ ಪಿನ್ನು ಬಿಚ್ಚಿ ಡಬ್ಬಿಯ ಜೊತೆ ನನ್ನ ಮುಂದೆ ಇಟ್ಟಳು.

“ಇದರಾಗ ಹಾಕ್ರಿ ಬಾಬಾ. ಆಯಿಂದು ಕೆಳಗ ಬೀಳೂದು ಬ್ಯಾಡ.”

ನಾನು ಅವಳಿಗೆ ಏನೂ ಹೇಳಿರಲಿಲ್ಲ. ಮಾಂತುವಿಗೂ ಹೇಳಿರಲಿಲ್ಲ. ಅತ್ತೆಯ ಮುಖವನ್ನೇ ನೋಡದವಳು, ಆಯಿ ಎಂದಳು.

ಕೆರೆದೆ. ಮೇಲೆ ನನ್ನ ಪೇಟೆಯ ಕುಂಕುಮ, ಹಸಿ ಕೆಂಪು. ಅದರ ಕೆಳಗೆ ಬೂದಿ ಬಣ್ಣ. ಎಲ್ಲಕ್ಕಿಂತ ಕೆಳಗೆ ಕಾವಿಯಂಥ ಒಂದು ಸಣ್ಣ ಚುಕ್ಕೆ, ಕಲ್ಲಿನಂತೆ ಗಟ್ಟಿ. ಅದನ್ನು ಪಿನ್ನಿನ ತುದಿಯಿಂದ ಸುತ್ತ ಬಿಡಿಸಿ ಎತ್ತಿದೆ, ಇಡಿಯಾಗಿಯೇ ಬಂತು. ತೂತಿನೊಳಗೆ ಪಿನ್ನು ತಳ್ಳಿದೆ. ಹುಸ್ ಎಂದು ಉಸಿರು ಬಿಟ್ಟಿತು.

ಅಳು ಬಂತು. ಅತ್ತುಬಿಟ್ಟೆ, ಸೊಸೆಯ ಮುಂದೆಯೇ. ಅವಳು ಡಬ್ಬಿ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಕೇಳಿದೆ, “ನೋಡವಾ, ಇದರ ವಾಸನಿ ಹೆಂಗದ? ನನಗ ತಿಳೀವಲ್ದು.”

ಮೂಸಿ ನೋಡಿದಳು. “ಪೆಟ್ರೋಲ ಅಷ್ಟ ಬರ್ತದ ಬಾಬಾ.”

ಬೇರೆ ಯಾರಾದರೂ ಆಗಿದ್ದರೆ ನನ್ನ ಸಮಾಧಾನಕ್ಕೆ ಏನಾದರೂ ಹೇಳುತ್ತಿದ್ದರು.

೪ ಅಕ್ಟೋಬರ್, ಶನಿವಾರ, ಖಂಡೆ ನವಮಿ

ಒಂದು ವಾರದ ಬಿಸಿಲಿನಲ್ಲಿ ರಟ್ಟು ಒಣ. ಮಾಂತು ಎರಡು ಸಲ ತಿರುಗಿಸಿ ನೋಡಿದ. ಗುಜರಿಯ ಮಾತು ತೆಗೆಯಲಿಲ್ಲ. ತನ್ನ ಪಾನಾ, ಇಕ್ಕಳಗಳನ್ನೂ ತಂದು ಮಶೀನಿನ ಪಕ್ಕ ಪೂಜೆಗಿಟ್ಟ.

ಪೂಜೆಯನ್ನು ನೀರಜಾ ಮಾಡಿದಳು. ಡಬ್ಬಿಯಲ್ಲಿದ್ದದ್ದನ್ನು ಒಂದು ಹನಿ ಎಣ್ಣೆಯಲ್ಲಿ ಅರೆದು ಬೆರಳಿಗೆ ಹಚ್ಚಿಕೊಂಡು ಕೇಳಿದಳು, “ಬಾಬಾ, ಹಣಿ ಎಲ್ಲೆ?”

ಮುಚ್ಚಳ ಬಿಟ್ಟು ಮುಂದಿನ ಹಿಡಿ ತೋರಿಸಿದೆ, ಕೈ ಹಿಡಿಯುವ ಜಾಗ. ಅಲ್ಲಿ ಇಟ್ಟಳು. ಸಣ್ಣ ಬೊಟ್ಟು.

ಅಂಗಳದಲ್ಲಿ ಮೂರನೆಯ ಎಳೆತಕ್ಕೆ ಹಿಡಿಯಿತು. ಕೆಮ್ಮಲಿಲ್ಲ. ಯೆರವಡಾದಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿತು. ಮೇಲಿನ ಮನೆಯವರು ಕಿಟಕಿ ತೆರೆದು ಬೈದರು. ಎಷ್ಟು ವರ್ಷವಾಗಿತ್ತು ಈ ಮಶೀನಿನ ಹೆಸರಲ್ಲಿ ಬೈಸಿಕೊಂಡು.

ಮರುದಿನ ಬೆಳಿಗ್ಗೆ ಒರೆಸಿಬಿಡಬೇಕು ಎಂದು ನೀರಜಾಳಿಗೆ ಹೇಳಿದ್ದೇನೆ. ಅದು ಈ ಮನೆಯ ಪದ್ಧತಿ.

೧೬ ನವೆಂಬರ್, ರವಿವಾರ

ನೀರಜಾಳ ಕುಬಸ, ಏಳನೆಯ ತಿಂಗಳ ಸೀಮಂತ, ಆಯಿತು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ. ಬಳೆಗೆ ಪಿನ್ನು ಸಿಕ್ಕಿಸಿಕೊಂಡಿದ್ದಳು, ಫೋಟೋದಲ್ಲಿ ಕಾಣುತ್ತದೆ ತೆಗಿಯೇ ಎಂದು ಅವಳ ತಾಯಿ ಬೈದರು. ಸಂಜೆಯ ಎಸ್‌ಟಿಗೆ ಇಂದಾಪುರಕ್ಕೆ ಕರೆದುಕೊಂಡು ಹೋದರು. ಹೆರಿಗೆ ತವರಿನಲ್ಲಿ. ಹೋಗುವಾಗ ಹೊಸ ರಟ್ಟು ಕತ್ತರಿಸಿ ಇಟ್ಟು ಹೋಗಿದ್ದಾಳೆ.

೨೧ ಡಿಸೆಂಬರ್, ರವಿವಾರ

ಒಗ್ಗರಣೆಗೆ ಬೇಕಾದಷ್ಟು ಬೆಳ್ಳುಳ್ಳಿ ಹಾಕಬಹುದು. ಅಗರಬತ್ತಿ ಹಚ್ಚಬಹುದು. ಯಾರೂ ಏನೂ ಅನ್ನುವುದಿಲ್ಲ. ಮಾಂತು ಡ್ಯೂಟಿಯಿಂದ ಬಂದು ಉಂಡು ಮಲಗುತ್ತಾನೆ. ನಾನು ಹಚ್ಚುವುದಿಲ್ಲ.

ಇಂದಾಪುರಕ್ಕೆ ಫೋನು ಮಾಡಿದೆ. ಅವಳ ತಂದೆಯ ಜೊತೆ ಕಬ್ಬಿನ ಸುದ್ದಿ, ಥಂಡಿಯ ಸುದ್ದಿ ಮಾತಾಡಿದ ಮೇಲೆ ಅವಳ ಕೈಗೆ ಕೊಟ್ಟರು. ಕಾಲು ಬಾತಿವೆಯಂತೆ, ಬೇರೆ ಎಲ್ಲ ಚೆನ್ನಾಗಿದೆಯಂತೆ.

“ಬಾಬಾ, ಮಶೀನ ಹೆಂಗದ? ಸೋರ್ತದೇನು?”

“ಸೋರ್ತದವಾ,” ಎಂದೆ. “ಎಲ್ಲಿಂದಂತ ನನಗ ತಿಳೀವಲ್ದು. ನೀ ಬಂದು ನೋಡಬೇಕು.”

ಆ ಕಡೆ ಬಳೆಗಳ ಸದ್ದಾಯಿತು.

“ರಟ್ಟು ಏನ ಹೇಳ್ತದ?”

“ರಟ್ಟು... ತೊಯ್ದದ.”

“ಹಂಗಾದ್ರ ಬ್ಯಾಸಿಗ್ಯಾಗ ಇಬ್ಬರೂ ಕೂಡಿ ಬಂದು ನೋಡ್ತೀವಿ ಬಾಬಾ. ಅಲ್ಲೀತನಾ ಮೋಡಕಾದಾಂವಗ ಕೊಡಬ್ಯಾಡ್ರಿ,” ಎಂದಳು. ನಗುತ್ತಿದ್ದಳು ಅನ್ನಿಸುತ್ತದೆ.

ಫೋನು ಇಟ್ಟು ಗ್ಯಾಲರಿಗೆ ಹೋಗಿ ರಟ್ಟು ಎಳೆದು ನೋಡಿದೆ. ಅವಳು ಕತ್ತರಿಸಿಟ್ಟ ದಿನ ಹೇಗಿತ್ತೋ ಹಾಗೇ ಬೆಳ್ಳಗಿದೆ. ಎಣ್ಣೆ ಡಬ್ಬಿಯಲ್ಲಿ ಬೆರಳು ಅದ್ದಿ ನಡುವೆ ಒಂದು ಹನಿ ಬಿಟ್ಟು, ಮತ್ತೆ ಮಶೀನಿನ ಕೆಳಗೆ ಸರಿಸಿಟ್ಟೆ.